ದೂರದ ಕಂಪ್ಯೂಟರ್ ಓಗೊಡದಿದ್ದಾಗ

ಪ್ರತಿ ತಿಂಗಳು 20ನೇ ತಾರೀಖು ಹತ್ತಿರ ಬಂತೆಂದರೆ ಗೊಬ್ಬರದಂಗಡಿ, ಅರಿಸಿನದ ಮಂಡಿ, ಹಾರ್ಡ್‌ವೇರ್ ಮಳಿಗೆ ಇಟ್ಟವರಿಗೆಲ್ಲ ಜಿಎಸ್‌ಟಿ ಲೆಕ್ಕದ ಚಿಂತೆ ಶುರು. ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರ ಚಂದಕವಾಡಿಯ ವ್ಯಾಪಾರಿಯ ಲೆಕ್ಕ ಗಲ್ಲಾಪೆಟ್ಟಿಗೆಯ ಪಕ್ಕದ ಕಂಪ್ಯೂಟರಿನಲ್ಲಿ, ಬೆಂಗಳೂರಿನ ಕಂಪನಿಯದೇ ಆದ ಟ್ಯಾಲಿ ತಂತ್ರಾಂಶದಲ್ಲಿ ಇರುತ್ತದೆ. ಅದನ್ನು ನೋಡಿ ತಿದ್ದಿ ಸಲ್ಲಿಸಬೇಕಾದವರು ಮೈಸೂರಿನಲ್ಲೋ ನಂಜನಗೂಡಿನಲ್ಲೋ ಇರುತ್ತಾರೆ. ಮೊದಲಾಗಿದ್ದರೆ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಬೇಕಿತ್ತು. ಈಗ ಮೈಸೂರಿನಲ್ಲಿ ಕೂತವರು ತಮ್ಮ ಪರದೆಯ ಮೇಲೆ ಚಂದಕವಾಡಿಯ ಪರದೆಯನ್ನೇ ತೆರೆದುಕೊಂಡು, ಅಲ್ಲಿನ ಮೌಸನ್ನು ಇಲ್ಲಿಂದಲೇ ಓಡಿಸುತ್ತಾರೆ. ಗುಂಡ್ಲುಪೇಟೆಯ ಚೆಂಡುಹೂವಿನ ವ್ಯಾಪಾರಿಗೂ ಇದೇ ಅನುಕೂಲ. ಇದರ ಹೆಸರು ರಿಮೋಟ್ ಡೆಸ್ಕ್‌ಟಾಪ್.

ದಾರಿ ಎದುರು ದಿಕ್ಕಿಗೂ ಇದೆ. 2020ರ ಮಾರ್ಚ್ 13ರಂದು ಕೇಂದ್ರದ ದೂರಸಂಪರ್ಕ ಇಲಾಖೆ, ಮನೆಯಿಂದ ಕೆಲಸ ಮಾಡಿಸಲು ಕಂಪನಿಗಳ ಮೇಲಿದ್ದ ಷರತ್ತುಗಳನ್ನು ಸಡಿಲಿಸಿತು. ಅದಾಗಿ ಎರಡು ವಾರದೊಳಗೆ ಲಾಕ್‌ಡೌನ್ ಬಂತು. ಆ ವರ್ಷದ ಜೂನ್ ತಿಂಗಳವರೆಗೆ ಚಾಮರಾಜನಗರ ಜಿಲ್ಲೆಯಲ್ಲಿ ಒಂದೂ ಕೊರೊನಾ ಪ್ರಕರಣ ದಾಖಲಾಗಿರಲಿಲ್ಲ. ಬೆಂಗಳೂರಿನ ಬಾಡಿಗೆ ಕೋಣೆ ಬಿಟ್ಟು ಊರು ಸೇರಿದ ಹುಡುಗ ಹುಡುಗಿಯರು ಹಜಾರದಲ್ಲೋ ಹಿತ್ತಲ ತೆಂಗಿನ ನೆರಳಿನಲ್ಲೋ ಕೂತು, ವೈಟ್‌ಫೀಲ್ಡಿನ ಬೀಗ ಹಾಕಿದ ಕಚೇರಿಯೊಳಗಿನ ಕಂಪ್ಯೂಟರಿನಲ್ಲಿ ಕೆಲಸ ಮಾಡಿದರು. ಹಳ್ಳಿಯಲ್ಲಿದ್ದುಕೊಂಡೇ ಸಂಬಳದ ಕೆಲಸ ಮಾಡಬಹುದು ಎಂಬುದು ಈ ಭಾಗದ ಎಷ್ಟೋ ಮನೆಗಳಿಗೆ ಕಣ್ಣಾರೆ ಕಂಡದ್ದು ಆಗಲೇ. ಈ ತಂತ್ರ ಕೈಕೊಟ್ಟರೆ ಕಡಿದುಹೋಗುವುದು ಒಂದು ಸಂಪರ್ಕ ಮಾತ್ರ ಎಂದುಕೊಂಡರೆ ಸಾಲದು. ಆ ದಿನದ ಕೂಲಿಯೂ ಹೋಗುತ್ತದೆ, ಕೆಲವೊಮ್ಮೆ ಕೆಲಸವೇ ಹೋಗುತ್ತದೆ. ಆದ್ದರಿಂದಲೇ ಅದು ಕೈಕೊಡುವ ಬಗೆಗಳನ್ನು ತಾಳ್ಮೆಯಿಂದ ತಿಳಿದುಕೊಳ್ಳುವುದು ಅಗತ್ಯ.

ಕೈಕೊಟ್ಟಾಗ ಊರಿನಲ್ಲಿ ಕೇಳಿಬರುವ ಮಾತು ಒಂದೇ: "ಸರ್ವರ್ ಬತ್ತಾ ಇಲ್ಲ ಕನಪ್ಪ." ಪಹಣಿ ಕಂಪ್ಯೂಟರಿಗೆ ಏರಿದ ಕಾಲದಿಂದ, ಆಮೇಲೆ 2012ರ ಕೊನೆಯಲ್ಲಿ ಅಟಲ್‌ಜಿ ಜನಸ್ನೇಹಿ ಕೇಂದ್ರಗಳು ಹೋಬಳಿ ಹೋಬಳಿಗೂ ಬಂದ ಕಾಲದಿಂದ ಈ ಮಾತು ಎಲ್ಲರ ಬಾಯಲ್ಲೂ ಇದೆ. ಅಲ್ಲಿಂದ ಮುಂದಿನ ಹೆಜ್ಜೆ ನೆಟ್‌ವರ್ಕಿಗೆ ಶಾಪ ಹಾಕುವುದು. ಆದರೆ ಬಹಳ ಸಲ ನೆಟ್‌ವರ್ಕಿನದು ಏನೂ ತಪ್ಪಿರುವುದಿಲ್ಲ. ಆ ಕಡೆಯ ಕಂಪ್ಯೂಟರ್ ನಿದ್ದೆ ಹೋಗಿರುತ್ತದೆ, ಅಥವಾ ಅದರ ವಿಳಾಸ ಬದಲಾಗಿರುತ್ತದೆ, ಅಥವಾ ಬಂದವರು ಯಾರೆಂದು ಅದಕ್ಕೆ ಗುರುತು ಸಿಕ್ಕಿರುವುದಿಲ್ಲ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದೆಂದು ಗೊತ್ತಾಗದೆ ರೂಟರನ್ನು ಹತ್ತು ಸಲ ಆರಿಸಿ ಹಚ್ಚಿದರೆ ಹೊತ್ತು ಹೋಗುತ್ತದೆ ಅಷ್ಟೆ.

ವಿಂಡೋಸ್ ತಾನೇ ಇದನ್ನು ಹೇಳುತ್ತದೆ, ಓದುವ ವ್ಯವಧಾನ ಬೇಕು. ಸಂಪರ್ಕ ಸಿಗದಿದ್ದಾಗ ಬರುವ ಆ ಪುಟ್ಟ ಕಿಟಕಿಯಲ್ಲಿ ಮೂರು ಕಾರಣಗಳನ್ನು ಸಾಲಾಗಿ ಕೊಟ್ಟಿರುತ್ತಾರೆ: ಆ ಕಂಪ್ಯೂಟರಿನಲ್ಲಿ ದೂರದಿಂದ ಬರಲು ಅನುಮತಿ ಕೊಟ್ಟಿಲ್ಲ, ಅದು ಆಫ್ ಆಗಿದೆ, ಅಥವಾ ನೆಟ್‌ವರ್ಕಿನಲ್ಲಿ ಅದು ಕಾಣುತ್ತಿಲ್ಲ. ಪಾಸ್‌ವರ್ಡ್ ಒಪ್ಪಿಗೆಯಾಗದಿದ್ದರೆ ಬರುವ ಸಂದೇಶವೇ ಬೇರೆ. ದಿನಾಂಕ ತಾಳೆಯಾಗದಿದ್ದರೆ ಬರುವುದು ಇನ್ನೊಂದು. ಇಂಗ್ಲಿಷಿನ ನಾಲ್ಕು ಸಾಲು ಕಂಡೊಡನೆ ಓಕೆ ಒತ್ತಿ ಮುಚ್ಚಿಬಿಡುವುದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ. ದುರಸ್ತಿಯ ಅರ್ಧ ಕೆಲಸ ಆ ನಾಲ್ಕು ಸಾಲಿನಲ್ಲೇ ಮುಗಿದಿರುತ್ತದೆ.

ಮೊದಲು ವಿದ್ಯುತ್ತಿನ ಮಾತು. ಅಶ್ವಿನಿ, ಭರಣಿ ಮಳೆಯ ಗುಡುಗು ಸಿಡಿಲಿಗೆ ಈ ಸೀಮೆಯಲ್ಲಿ ಕರೆಂಟು ಹೋಗಿಬರುವುದು ಹೊಸದಲ್ಲ. ಮರಳಿ ಬಂದಾಗ ಫ್ಯಾನು ತಾನಾಗಿ ತಿರುಗುತ್ತದೆ, ಕಂಪ್ಯೂಟರ್ ತಾನಾಗಿ ಏಳುವುದಿಲ್ಲ. ಹೆಚ್ಚಿನ ಡೆಸ್ಕ್‌ಟಾಪ್‌ಗಳ ಬಯಾಸ್‌ನಲ್ಲಿ, ಕರೆಂಟು ಬಂದೊಡನೆ ತಾನೇ ಚಾಲೂ ಆಗು ಎಂದು ಹೇಳಿಡುವ ಒಂದು ಆಯ್ಕೆ ಇರುತ್ತದೆ. ಅದನ್ನು ಒಮ್ಮೆ ಬದಲಿಸಿಟ್ಟರೆ ಮತ್ತೆ ಯೋಚಿಸಬೇಕಾಗಿಲ್ಲ. ಸ್ಲೀಪ್ ಎಂಬುದು ಇನ್ನೊಂದು ತೊಡಕು. ಪರದೆ ಆರಿದರೂ ಕಂಪ್ಯೂಟರ್ ಎಚ್ಚರವಾಗಿರಬಹುದು. ಆದರೆ ಸ್ಲೀಪ್‌ಗೆ ಹೋದರೆ ಹೊರಗಿನ ಕರೆ ಅದಕ್ಕೆ ಕೇಳಿಸುವುದಿಲ್ಲ. ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್‌ಗೆ 'ನೆವರ್' ಎಂದು ಕೊಟ್ಟು, ಪರದೆಗೆ ಮಾತ್ರ ಹತ್ತು ನಿಮಿಷ ಇಟ್ಟರೆ ಸಾಕು. ಮತ್ತೊಂದು ತೀರ ಸಾಮಾನ್ಯ ಎಡವಟ್ಟು: ಕಂಪ್ಯೂಟರಿಗೆ ದೊಡ್ಡ ಯುಪಿಎಸ್ ಇರುತ್ತದೆ, ಗೋಡೆಯ ಮೇಲಿನ ರೂಟರಿಗೆ ಇರುವುದಿಲ್ಲ. ಕರೆಂಟು ಹೋದಾಗ ಕಂಪ್ಯೂಟರ್ ಉರಿಯುತ್ತಲೇ ಇರುತ್ತದೆ, ಮೈಸೂರಿನವರಿಗೆ ಮಾತ್ರ ಅದು ಸತ್ತಂತೆ ಕಾಣುತ್ತದೆ. ರೂಟರಿಗೆಂದೇ ಅಂಗೈಯಗಲದ 12 ವೋಲ್ಟಿನ ಯುಪಿಎಸ್ ಸಿಗುತ್ತದೆ.

ಕರೆಂಟಿನ ವಿಷಯದಲ್ಲಿ ಯಾರೂ ಊಹಿಸದ ಅಪರಾಧಿ ಒಂದಿದೆ. ಡೆಸ್ಕ್‌ಟಾಪಿನ ಪೆಟ್ಟಿಗೆ ಬಿಚ್ಚಿದರೆ ಮದರ್‌ಬೋರ್ಡಿನ ಒಂದು ಮೂಲೆಯಲ್ಲಿ ರೂಪಾಯಿ ನಾಣ್ಯದಂತೆ ಹೊಳೆಯುವ ಬ್ಯಾಟರಿ ಕೂತಿರುತ್ತದೆ. ಅದರ ಮೇಲೆ ಸಿಆರ್2032 ಎಂದು ಕೆತ್ತಿರುತ್ತಾರೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಪ್ಲಗ್ ಕಿತ್ತಿದ್ದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಕೆಲವು ವರ್ಷ ಕಳೆದು ಅದು ಬತ್ತಿದರೆ, ಕರೆಂಟು ಹೋಗಿಬಂದ ಪ್ರತಿ ಸಲವೂ ಕಂಪ್ಯೂಟರ್ ಹತ್ತಾರು ವರ್ಷ ಹಿಂದಿನ ತಾರೀಖಿನಲ್ಲಿ ಏಳುತ್ತದೆ. ಆಗ ಮೈಸೂರಿನ ಪರದೆಯ ಮೇಲೆ, ಎರಡು ಕಂಪ್ಯೂಟರುಗಳ ದಿನಾಂಕ ಅಥವಾ ಸಮಯದಲ್ಲಿ ವ್ಯತ್ಯಾಸವಿದೆ ಎಂಬರ್ಥದ ಸಂದೇಶ ಬಂದು ಸಂಪರ್ಕ ನಿಲ್ಲುತ್ತದೆ. ಕಂಪ್ಯೂಟರುಗಳು ಒಂದಕ್ಕೊಂದು ಗುರುತು ತೋರಿಸುವ ಡಿಜಿಟಲ್ ಪ್ರಮಾಣಪತ್ರಗಳಿಗೆ ಇಂತಿಷ್ಟೇ ಅವಧಿ ಎಂದಿರುವುದರಿಂದ, ಹಳೆಯ ತಾರೀಖಿನ ಕಂಪ್ಯೂಟರಿಗೆ ಇವತ್ತಿನ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇರುವುದಿಲ್ಲ. ಬ್ಯಾಂಕಿನ ತಾಣವೂ ತೆರೆಯುವುದಿಲ್ಲ. ಎಲ್ಲರೂ ಸೇರಿ ನೆಟ್‌ವರ್ಕನ್ನು ಬೈಯುತ್ತಿರುವಾಗ ಪರದೆಯ ಬಲಮೂಲೆಯ ತಾರೀಖನ್ನು ಒಬ್ಬರು ನೋಡಿದರೆ ಸಾಕು. ಆ ಬ್ಯಾಟರಿ ಚಾಮರಾಜನಗರದ ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಇನ್ನು ವಿಳಾಸ. ಅಂಗಡಿಯೊಳಗೆ ರೂಟರು ಪ್ರತಿ ಯಂತ್ರಕ್ಕೂ 192.168ರಿಂದ ಶುರುವಾಗುವ ಒಂದು ಸಂಖ್ಯೆ ಹಂಚುತ್ತದೆ. ಈ ಹಂಚಿಕೆ ಶಾಶ್ವತವಲ್ಲ. ನಿನ್ನೆ ಕಂಪ್ಯೂಟರಿಗೆ ಇದ್ದ ಸಂಖ್ಯೆ ಇವತ್ತು ಯಜಮಾನರ ಮೊಬೈಲಿಗೆ ಹೋಗಿರಬಹುದು. ಗಲ್ಲಾದ ಕಂಪ್ಯೂಟರಿನಿಂದ ಹಿಂದಿನ ಗೋದಾಮಿನ ಕಂಪ್ಯೂಟರನ್ನು ತೆರೆಯುವವರಿಗೆ ದಿಢೀರನೆ ಸಂಪರ್ಕ ತಪ್ಪಿದರೆ ಮೊದಲು ಇದನ್ನು ನೋಡಬೇಕು. ರೂಟರಿನಲ್ಲಿ ಆ ಕಂಪ್ಯೂಟರಿಗೆ ಒಂದು ಸಂಖ್ಯೆ ಕಾಯ್ದಿರಿಸಿದರೆ ಈ ಕಾಟ ತಪ್ಪುತ್ತದೆ. ರೂಟರನ್ನೇ ಬದಲಿಸಿದಾಗ ವಿಂಡೋಸ್ ಅದನ್ನು ಹೊಸ ಜಾಗವೆಂದು ತಿಳಿದು 'ಪಬ್ಲಿಕ್' ಎಂದು ಗುರುತು ಹಾಕಿಕೊಳ್ಳಬಹುದು; ಆಗ ಅದು ಅಕ್ಕಪಕ್ಕದ ಯಂತ್ರಗಳಿಗೆ ತನ್ನ ಇರವನ್ನು ತೋರಿಸಿಕೊಳ್ಳುವುದಿಲ್ಲ. ಅಂಗಡಿಯ ಸ್ವಂತ ಜಾಲವಾದರೆ ಅದನ್ನು 'ಪ್ರೈವೇಟ್' ಮಾಡಬೇಕು.

ಹೊರಗಿನಿಂದ ಬರುವವರ ಕಷ್ಟ ಇದಕ್ಕಿಂತ ದೊಡ್ಡದು, ಅದರ ಬೇರು ಇರುವುದು ಬಹಳ ದೂರದಲ್ಲಿ. ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಯಲ್ಲಿ ಇರುವುದೇ ಒಟ್ಟು ಸುಮಾರು 429 ಕೋಟಿ ಸಂಖ್ಯೆ. ಜಗತ್ತಿನ ಮಟ್ಟದ ದಾಸ್ತಾನು 2011ರ ಫೆಬ್ರವರಿಯಲ್ಲಿ ಬರಿದಾಯಿತು, ಏಷ್ಯಾ ಪೆಸಿಫಿಕ್ ವಲಯದ್ದು ಅದೇ ವರ್ಷದ ಏಪ್ರಿಲಿನಲ್ಲಿ ಕೊನೆಯ ಕಂತಿಗೆ ಬಂತು. ಭಾರತದ ಹಳ್ಳಿಗಳಿಗೆ ಅಗ್ಗದ ಡೇಟಾ ಬಂದದ್ದು ಅದಾದ ಮೇಲೆ. ಹಾಗಾಗಿ ಕಂಪನಿಗಳು ಒಂದೇ ವಿಳಾಸವನ್ನು ನೂರಾರು ಗ್ರಾಹಕರಿಗೆ ಹಂಚುತ್ತವೆ. ಹಳೇ ಮೈಸೂರಿನ ವಠಾರಗಳಲ್ಲಿ ಹತ್ತು ಸಂಸಾರಕ್ಕೂ ಸೇರಿ ಒಂದೇ ಡೋರ್ ನಂಬರು ಇರುತ್ತಿತ್ತು. ಒಳಗಿನವರು ಯಾರಿಗೆ ಬೇಕಾದರೂ ಕಾಗದ ಬರೆಯಬಹುದಿತ್ತು, ಹೊರಗಿನವರು ಬರೀ ಡೋರ್ ನಂಬರು ಬರೆದರೆ ಅಂಚೆಯವನು ಯಾರ ಮನೆಗೆ ಹಾಕಬೇಕು? ಇಲ್ಲೂ ಅದೇ ಪಾಡು. ಅಂಗಡಿಯಿಂದ ಹೊರಗೆ ಹೋಗುವುದೆಲ್ಲ ಸಲೀಸು, ಹೊರಗಿನಿಂದ ನೇರವಾಗಿ ಒಳಗೆ ಬರಲು ದಾರಿಯಿಲ್ಲ. ಕಂಡುಹಿಡಿಯುವುದು ಸುಲಭ: ರೂಟರಿನ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ಅದು ಹಂಚಿಕೆಯ ವಿಳಾಸ. 2012ರಲ್ಲಿ ಈ ಸಾಲನ್ನು ಇದಕ್ಕೆಂದೇ ಮೀಸಲಿಟ್ಟರು. ಅಂಥ ಕಡೆ ಹೊರಗಿನ ಕರೆಯನ್ನು ಒಳಗಿನ ಕಂಪ್ಯೂಟರಿಗೆ ತಿರುಗಿಸಲೆಂದು ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡುತ್ತ ಕೂತರೆ ರಾತ್ರಿಯಿಡೀ ಕೂತರೂ ಫಲವಿಲ್ಲ. ಎನಿಡೆಸ್ಕ್, ಟೀಮ್‌ವ್ಯೂವರ್, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ನಂಥವು ಅಲ್ಲೂ ಕೆಲಸ ಮಾಡುವುದಕ್ಕೆ ಕಾರಣ, ಎರಡು ಕಡೆಯ ಕಂಪ್ಯೂಟರುಗಳೂ ತಾವಾಗಿ ಹೊರಗೆ ಹೋಗಿ ನಡುವಿನ ಒಂದು ಸರ್ವರಿನ ಮೂಲಕ ಒಂದನ್ನೊಂದು ಕಂಡುಕೊಳ್ಳುತ್ತವೆ. ಹೊರಗೆ ಹೋಗಲು ತಡೆಯೇ ಇಲ್ಲವಲ್ಲ.

ನಿಜವಾಗಿಯೂ ನೆಟ್‌ವರ್ಕೇ ಕೆಟ್ಟಿರುವ ದಿನಗಳೂ ಇವೆ, ಅದನ್ನು ಅಲ್ಲಗಳೆಯಬಾರದು. ಫೈಬರ್ ಇರುವ ಕಡೆ ಗೋಡೆಯ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಸಣ್ಣ ದೀಪವಿರುತ್ತದೆ. ಎಲ್ಲ ಸರಿಯಿದ್ದಾಗ ಅದು ಆರಿರುತ್ತದೆ. ಕೆಂಪಗೆ ಮಿನುಗಿದರೆ ಬೆಳಕು ಆ ಪೆಟ್ಟಿಗೆಯವರೆಗೆ ಬರುತ್ತಿಲ್ಲ ಎಂದರ್ಥ. ದಾರಿಯಲ್ಲೆಲ್ಲೋ ಪೈಪು ಹೂಳಲು ಬಂದ ಜೆಸಿಬಿಯ ಹಲ್ಲಿಗೆ ಗಾಜಿನ ಎಳೆ ಸಿಕ್ಕಿರಬಹುದು, ಕಂಬದ ಮೇಲೆ ಬಾಗಿ ಮುರಿದಿರಬಹುದು. ಆಗ ಕಂಪ್ಯೂಟರಿನ ಮುಂದೆ ಕೂತು ಮಾಡುವಂಥದ್ದು ಏನೂ ಇಲ್ಲ, ಲೈನ್‌ಮನ್‌ಗೆ ಫೋನ್ ಮಾಡಬೇಕು. ಬಿಳಿಗಿರಿರಂಗನ ಬೆಟ್ಟದ ಮಗ್ಗುಲಿನ ಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ಲನ್ನೇ ನಂಬಿದವರ ತೊಂದರೆ ಬೇರೆ ಬಗೆಯದು. ಸಂಪರ್ಕ ಸಿಗುತ್ತದೆ, ಒತ್ತಿದ ಅಕ್ಷರ ಒಂದು ಗಳಿಗೆ ಬಿಟ್ಟು ಮೂಡುತ್ತದೆ. ರಿಮೋಟ್ ಡೆಸ್ಕ್‌ಟಾಪಿಗೆ ಬೇಕಾದದ್ದು ಭಾರೀ ವೇಗಕ್ಕಿಂತ ಹೆಚ್ಚಾಗಿ ಹೋಗಿಬರುವುದರಲ್ಲಿ ತಡವಾಗದ ನಿಯತ್ತು. ಬಣ್ಣದ ಆಳ ಇಳಿಸಿ, ಹಿನ್ನೆಲೆಯ ಚಿತ್ರ ತೆಗೆದು ಹಾಕಿದರೆ ಸಾಗಿಸಬೇಕಾದ ಹೊರೆ ಕಡಿಮೆಯಾಗಿ ಕೊಂಚ ಹಗುರಾಗುತ್ತದೆ.

ಹಾಗಾದರೆ ತಪ್ಪು ದಾರಿಯದೋ, ಆ ಕಡೆಯ ಕಂಪ್ಯೂಟರಿನದೋ? ಇದನ್ನು ಒಂದೇ ಏಟಿಗೆ ಇತ್ಯರ್ಥ ಮಾಡುವ ಪರೀಕ್ಷೆ ವಿಂಡೋಸ್‌ನಲ್ಲೇ ಇದೆ. ಬಹಳ ಜನ ಪಿಂಗ್ ಮಾಡಿ, ಉತ್ತರ ಬರಲಿಲ್ಲವೆಂದು ಕೈಚೆಲ್ಲುತ್ತಾರೆ. ಪಿಂಗ್‌ಗೆ ಉತ್ತರಿಸದಂತೆ ಫೈರ್‌ವಾಲ್ ತಡೆದಿರುವುದು ಮಾಮೂಲು, ಅದರಿಂದ ಏನನ್ನೂ ತೀರ್ಮಾನಿಸಲಾಗದು. ಪವರ್‌ಶೆಲ್ ತೆರೆದು ಟೆಸ್ಟ್-ನೆಟ್‌ಕನೆಕ್ಷನ್ ಎಂಬ ಆದೇಶಕ್ಕೆ ಆ ಕಂಪ್ಯೂಟರಿನ ವಿಳಾಸವನ್ನೂ 3389 ಎಂಬ ಪೋರ್ಟ್ ಸಂಖ್ಯೆಯನ್ನೂ ಕೊಡಬೇಕು. 3389 ರಿಮೋಟ್ ಡೆಸ್ಕ್‌ಟಾಪಿಗೆ ಮೀಸಲಾದ ಸಂಖ್ಯೆ. ಕೊನೆಯ ಸಾಲಿನಲ್ಲಿ 'ಟ್ರೂ' ಎಂದು ಬಂದರೆ ಕರೆಂಟು, ರೂಟರು, ವಿಳಾಸ, ಫೈರ್‌ವಾಲ್ ಎಲ್ಲವೂ ನಿರ್ದೋಷಿಗಳು. ಉಳಿದಿರುವುದು ಗುರುತಿನ ಜಗಳ ಮಾತ್ರ. 'ಫಾಲ್ಸ್' ಬಂದರೆ ಹಿಂದಿರುಗಿ ದಾರಿಯನ್ನು ಹುಡುಕಬೇಕು, ಇಲ್ಲವೇ ಆ ಕಡೆ ಅನುಮತಿಯನ್ನೇ ಕೊಟ್ಟಿಲ್ಲವೇನೋ ನೋಡಬೇಕು. ಒಂದು ಸಾಲಿನ ಆದೇಶ ಅರ್ಧ ದಿನದ ಊಹಾಪೋಹವನ್ನು ನಿಲ್ಲಿಸುತ್ತದೆ. ಹಳ್ಳಿಯ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಎಂಎಸ್ ಆಫೀಸಿನ ಜೊತೆಗೆ ಇದನ್ನೂ ಕಲಿಸಿದರೆ ಎಷ್ಟು ಚೆನ್ನ.

ಅನುಮತಿಯ ವಿಷಯದಲ್ಲಿ ಕೊಳ್ಳುವಾಗಲೇ ಆಗುವ ಒಂದು ನಷ್ಟವಿದೆ. ವಿಂಡೋಸ್‌ನ ಹೋಮ್ ಆವೃತ್ತಿಯಿಂದ ಬೇರೆ ಕಂಪ್ಯೂಟರಿಗೆ ಹೋಗಬಹುದು, ಅದರೊಳಗೆ ಬೇರೆಯವರು ಬರುವ ಹಾಗಿಲ್ಲ. ಅದಕ್ಕೆ ಪ್ರೊ ಆವೃತ್ತಿಯೇ ಆಗಬೇಕು. 2001ರ ವಿಂಡೋಸ್ ಎಕ್ಸ್‌ಪಿ ಕಾಲದಿಂದಲೂ ಈ ಭೇದ ಹೀಗೇ ಇದೆ. ಅದಕ್ಕೂ ಮೊದಲು, 1998ರಲ್ಲಿ, ವಿಂಡೋಸ್ ಎನ್‌ಟಿ 4.0 ಟರ್ಮಿನಲ್ ಸರ್ವರ್ ಆವೃತ್ತಿ ಓಡುವ ದೊಡ್ಡ ಯಂತ್ರಗಳಿಗೆ ಮಾತ್ರ ಈ ಸೌಲಭ್ಯ ಇತ್ತು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಲ್ಯಾಪ್‌ಟಾಪಿನಲ್ಲಿರುವುದು ಹೋಮ್. ಕೊಂಡು ತಂದ ಮೇಲೆ ಸೆಟ್ಟಿಂಗುಗಳನ್ನೆಲ್ಲ ಜಾಲಾಡಿ, ಆ ಗುಂಡಿ ಯಾಕೆ ಸಿಗುತ್ತಿಲ್ಲ ಎಂದು ಗೊಂದಲಕ್ಕೆ ಬಿದ್ದವರು ಎಷ್ಟೋ ಜನ.

ಗುರುತಿನ ಜಗಳ ಹೆಚ್ಚು ಸ್ವಾರಸ್ಯದ್ದು, ಯಾಕೆಂದರೆ ಇಲ್ಲಿ ಯಾರ ತಪ್ಪೂ ಇರದೆ ಎಲ್ಲರೂ ಸಿಕ್ಕಿಬೀಳುತ್ತಾರೆ. ವ್ಯಾಪಾರಿ ದಿನಾ ಬೆಳಿಗ್ಗೆ ನಾಲ್ಕು ಅಂಕಿಯ ಪಿನ್ ಒತ್ತಿ ಕಂಪ್ಯೂಟರ್ ತೆರೆಯುತ್ತಾನೆ. ಮೈಸೂರಿನವರು ಕೇಳಿದಾಗ ಅದನ್ನೇ ಹೇಳುತ್ತಾನೆ. ಆ ಪಿನ್ ಆ ಒಂದು ಯಂತ್ರದ ಮುಂದೆ ಕೂತವರಿಗೆ ಮಾತ್ರ, ದೂರದಿಂದ ಬರುವವರಿಗೆ ಪೂರ್ತಿ ಪಾಸ್‌ವರ್ಡೇ ಬೇಕು. ಎಷ್ಟೋ ಅಂಗಡಿಗಳ ಕಂಪ್ಯೂಟರಿಗೆ ಪಾಸ್‌ವರ್ಡೇ ಇರುವುದಿಲ್ಲ. ಎಂಟರ್ ಒತ್ತಿದರೆ ತೆರೆಯುತ್ತದೆ. ಅಂಥ ಖಾತೆಯನ್ನು ವಿಂಡೋಸ್ ದೂರದಿಂದ ಒಳಗೆ ಬಿಡುವುದಿಲ್ಲ, ಬಿಡದಿರುವುದೇ ಸರಿ. ಮೈಕ್ರೋಸಾಫ್ಟ್ ಖಾತೆಯಾದರೆ ಬಳಕೆದಾರರ ಹೆಸರಿನ ಜಾಗದಲ್ಲಿ ಇಮೇಲನ್ನು ಪೂರ್ತಿ ಬರೆಯಬೇಕು. ಬೇಸರದಲ್ಲಿ ಮತ್ತೆ ಮತ್ತೆ ತಪ್ಪು ಪಾಸ್‌ವರ್ಡ್ ಹೊಡೆದರೆ ಹೊಸ ವಿಂಡೋಸ್ 11 ಕಂಪ್ಯೂಟರುಗಳು 10 ತಪ್ಪಿಗೆ 10 ನಿಮಿಷ ಖಾತೆಗೆ ಬೀಗ ಹಾಕುತ್ತವೆ. ಆ ಹತ್ತು ನಿಮಿಷದಲ್ಲಿ ಸರಿಯಾದ ಪಾಸ್‌ವರ್ಡೂ ನಡೆಯುವುದಿಲ್ಲ.

ಗುರುತಿನ ಜಗಳ ಒಮ್ಮೆ ಜಗತ್ತಿಗೇ ವ್ಯಾಪಿಸಿತ್ತು. 2018ರ ಮಾರ್ಚ್‌ನಲ್ಲಿ ಕ್ರೆಡ್‌ಎಸ್‌ಎಸ್‌ಪಿ ಎಂಬ ಗುರುತು ಪರೀಕ್ಷೆಯ ಭಾಗದಲ್ಲಿ ದೋಷ ಕಂಡು ಮೈಕ್ರೋಸಾಫ್ಟ್ ತಿದ್ದುಪಡಿ ಬಿಟ್ಟಿತು. ಮೇ 8ರಂದು ಬಂದ ಮುಂದಿನ ಕಂತು, ತಿದ್ದುಪಡಿ ಹಾಕಿಸಿಕೊಳ್ಳದ ಕಂಪ್ಯೂಟರುಗಳ ಜೊತೆ ಮಾತನ್ನೇ ನಿಲ್ಲಿಸಿಬಿಟ್ಟಿತು. ರಾತ್ರಿ ಸರಿಯಿದ್ದ ಸಂಪರ್ಕ ಬೆಳಿಗ್ಗೆ ಇಲ್ಲ. ಒಂದು ಕಡೆ ಅಪ್‌ಡೇಟ್ ಆಗಿದೆ, ಇನ್ನೊಂದು ಕಡೆ ಡೇಟಾ ಖರ್ಚಾಗುತ್ತದೆಂದು ಅಪ್‌ಡೇಟ್ ನಿಲ್ಲಿಸಿಟ್ಟಿದ್ದಾರೆ. ಹೊಸದನ್ನು ತೆಗೆದುಹಾಕಿ ಹಳೆಯದಕ್ಕೆ ಹೊಂದಿಸಿಕೊಂಡವರು ಅಂದಿನ ಕೆಲಸ ಮುಗಿಸಿದರು, ತೂತನ್ನು ಹಾಗೇ ಬಿಟ್ಟರು. ಮರುವರ್ಷ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ಇನ್ನೊಂದು ದೋಷ ಬೆಳಕಿಗೆ ಬಂತು. ಪಾಸ್‌ವರ್ಡ್ ಗೊತ್ತಿಲ್ಲದವರೂ ಹಳೆಯ ವಿಂಡೋಸ್‌ಗಳ ಒಳಗೆ ನುಗ್ಗಬಹುದಾದ ದೋಷ ಅದು. ಬೆಂಬಲ ನಿಲ್ಲಿಸಿ ಐದು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಮದ್ದು ಕೊಡಬೇಕಾಯಿತೆಂದರೆ ಭಯದ ಆಳ ತಿಳಿಯುತ್ತದೆ. ಸಂಪರ್ಕ ಸಿಗಲಿಲ್ಲವೆಂದು ಫೈರ್‌ವಾಲನ್ನೇ ಆರಿಸಿ, 3389ನ್ನು ಇಡೀ ಇಂಟರ್ನೆಟ್ಟಿಗೆ ತೆರೆದಿಡುವುದು ದುರಸ್ತಿಯೇ ಅಲ್ಲ. ತೆರೆದಿಟ್ಟ ಕೆಲವೇ ಗಂಟೆಯಲ್ಲಿ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಎಲ್ಲಿಂದಲೋ ಬಂದು ತಟ್ಟಲು ಶುರು ಮಾಡುತ್ತವೆ. ವಿಪಿಎನ್ ಎಂಬ ಖಾಸಗಿ ಸುರಂಗ ಹಾಕಿಕೊಂಡು ಅದರ ಒಳಗಿನಿಂದ ಹೋಗುವುದೇ ಕ್ರಮ.

ಸಂಪರ್ಕ ಬೇಕಾದದ್ದಕ್ಕಿಂತ ಸುಲಭವಾಗಿ ಸಿಕ್ಕಿಬಿಡುವ ಅಪಾಯವೂ ಇದೆ, ಅದನ್ನು ಹೇಳದೆ ಬಿಡಬಾರದು. ಬ್ಯಾಂಕಿನವರೆಂದು ಫೋನ್ ಮಾಡಿ, ಎನಿಡೆಸ್ಕ್ ಹಾಕಿಸಿ, ಅದರಲ್ಲಿ ಮೂಡುವ ಸಂಖ್ಯೆ ಕೇಳಿ ಪಡೆದು ಖಾತೆ ಬರಿದು ಮಾಡುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ತಂತ್ರಾಂಶದಲ್ಲಿ ದೋಷವಿಲ್ಲ, ಒಳಗೆ ಬಂದವರಲ್ಲಿದೆ. ತಾವಾಗಿ ಕರೆಯದವರಿಗೆ ಆ ಸಂಖ್ಯೆಯನ್ನು ಯಾವ ಕಾರಣಕ್ಕೂ ಹೇಳಕೂಡದು. ಹೇಳಿಬಿಟ್ಟಿದ್ದರೆ ಕೂಡಲೇ ನೆಟ್ ಕಿತ್ತು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ದೂರದ ಕಂಪ್ಯೂಟರಿಗೆ ಹತ್ತಿರದಲ್ಲಿ ಒಬ್ಬ ಮನುಷ್ಯನೂ ಬೇಕು. ಮಗಳು ಬೆಂಗಳೂರಿನಿಂದ ಅಂಗಡಿಯ ಕಂಪ್ಯೂಟರ್ ತೆರೆಯಲಾಗದೆ ಫೋನ್ ಮಾಡುತ್ತಾಳೆ. "ಸಣ್ಣ ಲೈಟು ಉರೀತಾ ಅದ, ಪರದೆ ಮಾತ್ರ ಕಪ್ಪಗದ" ಎಂದು ಅಪ್ಪ ಹೇಳುತ್ತಾನೆ. ಅಷ್ಟರಲ್ಲೇ ಅವಳಿಗೆ ಅದು ಸ್ಲೀಪ್ ಇರಬಹುದೆಂದು ಹೊಳೆಯುತ್ತದೆ. ಯಾವುದಾದರೂ ಕೀಲಿ ಒತ್ತು ಎಂದರೆ ಮುಗಿಯಿತು. ಇಂಗ್ಲಿಷ್ ಸಂದೇಶ ಓದಲಾರದ ಅಪ್ಪ ವಾಟ್ಸ್ಆ್ಯಪಿನಲ್ಲಿ ಪರದೆಯ ಫೋಟೊ ಕಳಿಸಬಲ್ಲ, ರೂಟರಿನ ದೀಪಗಳ ಫೋಟೊ ಕಳಿಸಬಲ್ಲ. ಈ ಎರಡು ಫೋಟೊ ಯಾವ ತಜ್ಞನ ಊಹೆಗಿಂತಲೂ ಬೆಲೆಯುಳ್ಳವು. ಕಂಪ್ಯೂಟರಿನ ಹೆಸರು, ವಿಂಡೋಸ್ ಯಾವ ಆವೃತ್ತಿ, ಇಂಟರ್ನೆಟ್ ಲೈನ್‌ಮನ್ನಿನ ನಂಬರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸಿಪಿಯು ಪೆಟ್ಟಿಗೆಗೆ ಅಂಟಿಸಿಟ್ಟರೆ ಮಳೆಗಾಲದ ಸಂಜೆಗಳು ಎಷ್ಟೋ ನಿರಾಳ. ಪಾಸ್‌ವರ್ಡನ್ನು ಮಾತ್ರ ಅಲ್ಲಿ ಬರೆಯಬಾರದು.

ಇದೆಲ್ಲ ದಾಟಿ ಪರದೆ ತೆರೆದ ಮೇಲೆ ಕನ್ನಡದವರಿಗೆಂದೇ ಕಾದಿರುವ ತೊಡಕು ಇನ್ನೊಂದಿದೆ. ಮೈಸೂರಿನ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ ಹಾಕಿಕೊಂಡು ಸರಾಗವಾಗಿ ಕನ್ನಡ ಟೈಪ್ ಮಾಡುವವರು, ದೂರದ ಪರದೆಯೊಳಗೆ ಹೋಗಿ ಗ್ರಾಹಕರ ಹೆಸರು ಬರೆಯಲು ಹೊರಟರೆ ಇಂಗ್ಲಿಷ್ ಅಕ್ಷರಗಳೇ ಮೂಡುತ್ತವೆ. ರಿಮೋಟ್ ಡೆಸ್ಕ್‌ಟಾಪ್ ಸಾಗಿಸುವುದು ಅಕ್ಷರವನ್ನಲ್ಲ, ಯಾವ ಕೀಲಿ ಒತ್ತಿದಿರಿ ಎಂಬ ಸುದ್ದಿಯನ್ನು. ಆ ಕೀಲಿಯಿಂದ ಯಾವ ಅಕ್ಷರ ಹುಟ್ಟಬೇಕೆಂದು ತೀರ್ಮಾನವಾಗುವುದು ಚಂದಕವಾಡಿಯಲ್ಲಿ. ಹಾಗಾಗಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವಿರುವ ನುಡಿಯನ್ನು ಅಲ್ಲಿಯ ಕಂಪ್ಯೂಟರಿಗೇ ಹಾಕಬೇಕು. ಅಕ್ಷರಶೈಲಿಯೂ ಅಷ್ಟೆ, ತಂತ್ರಾಂಶ ಓಡುವ ಕಂಪ್ಯೂಟರಿನಲ್ಲಿ ಇದ್ದರೆ ಸಾಕು, ನೋಡುವವರ ಕಡೆ ಬೇಕಾಗಿಲ್ಲ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿಯಲ್ಲಿ ಬರೆದಿಟ್ಟ ಪಟ್ಟಿಯನ್ನು ಅಲ್ಲಿಂದ ನಕಲು ಮಾಡಿ ಇಲ್ಲಿನ ಕಡತಕ್ಕೆ ಅಂಟಿಸಿದರೆ, 'ಕನ್ನಡ' ಎಂಬ ಪದವೇ ನಡುವೆ ಪೌಂಡ್ ಹಣದ ಚಿಹ್ನೆ ಸಿಕ್ಕಿಸಿಕೊಂಡ ರೋಮನ್ ಅಕ್ಷರಗಳ ಸಾಲಾಗಿ ಬಂದು ಬೀಳುತ್ತದೆ. ಹಳೆಯ ಪಟ್ಟಿಗಳನ್ನು ಯೂನಿಕೋಡಿಗೆ ಬದಲಿಸಿಕೊಳ್ಳಲು ಪರಿವರ್ತಕಗಳಿವೆ. ಆ ಕೆಲಸವನ್ನು 20ನೇ ತಾರೀಖಿನ ಗಡಿಬಿಡಿ ಇಲ್ಲದ ದಿನ ಮಾಡಿಟ್ಟುಕೊಂಡರೆ, ಚಂದಕವಾಡಿಯ ಗಿರಾಕಿಗಳ ಹೆಸರು ಮೈಸೂರಿನ ಕಡತದಲ್ಲೂ ಕನ್ನಡದಲ್ಲೇ ಇರುತ್ತದೆ.